ದಾರಿಯಲ್ಲಿ ಹರಿದ ಪಟ್ಟಾ

ನಮ್ಮ ಮನೆಗೆ ಮೋಟಾರು ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಹುಬ್ಬಳ್ಳಿಯಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ಸಾಮಾನು ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಿದ್ದ. ಮಂಚ, ಕುರ್ಚಿ, ಪಿಂಗಾಣಿ ಎಲ್ಲ ಮಾರಿದ ಮೇಲೆ ಆ ಗಾಡಿ ಉಳಿದಿತ್ತು. ಹತ್ತಿ ವ್ಯಾಪಾರಿಗಳು ಕೊಳ್ಳುತ್ತಿದ್ದುದು ದೊಡ್ಡ ದೊಡ್ಡ ಗಾಡಿಗಳನ್ನು. ನಾಲ್ಕು ಜನ ಮೊಣಕಾಲು ಮಡಚಿ ಕೂಡಬೇಕಾದ ಈ ಸಣ್ಣ ಗಾಡಿಯನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಅದು ನಮ್ಮ ಕೈಗೆ ಎಟುಕಿತು.

ನನ್ನ ಗಂಡ ಡಾಕ್ಟರು. ಗದಗಿನಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಖೋಲಿಯೇ ದವಾಖಾನೆ. ವಾರದಲ್ಲಿ ಮೂರು ದಿನ ಅವರು ಊರು ಬಿಟ್ಟು ಹೋಗುತ್ತಿದ್ದರು: ಲಕ್ಷ್ಮೇಶ್ವರಕ್ಕೆ ಒಂದು ದಿನ, ಶಿರಹಟ್ಟಿಗೆ ಒಂದು ದಿನ, ಮುಂಡರಗಿಗೆ ಒಂದು ದಿನ. ಅಲ್ಲಿ ಯಾರದಾದರೂ ಪಡಸಾಲೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಬಸ್ಸು ನೆಚ್ಚಿ ಹೋದರೆ ಹೋದ ದಿನ ಮರಳುವ ಖಾತ್ರಿ ಇರಲಿಲ್ಲ. ನನಗೆ ಮಕ್ಕಳಿರಲಿಲ್ಲ. ಮದುವೆಯಾದ ಮೇಲೆ ಸೂಜಿ ಕುದಿಸುವುದು, ಪಟ್ಟಿ ಕಟ್ಟುವುದು, ಹೆರಿಗೆಯ ಹೊತ್ತಿಗೆ ಹೆಂಗಸರ ಹತ್ತಿರ ನಿಲ್ಲುವುದು ಇವೆಲ್ಲ ಅವರನ್ನು ನೋಡಿ ಕಲಿತಿದ್ದೆ. ಹೀಗಾಗಿ ನಾನೂ ಎಷ್ಟೋ ಸಲ ಜೊತೆಗೆ ಹೋಗುತ್ತಿದ್ದೆ.

ಗಾಡಿ ಕೊಳ್ಳುವಾಗ ಅದರ ಬೆಲೆ ಒಂದೇ ನಮಗೆ ಕಂಡಿತ್ತು. ಅದನ್ನು ಸಾಕುವ ಖರ್ಚು ಆಮೇಲೆ ಒಂದೊಂದಾಗಿ ಗೊತ್ತಾಯಿತು. ಪೆಟ್ರೋಲಿಗೆ ಕೂಪನ್ನು ಬೇಕಾಗುತ್ತಿತ್ತು. ಡಾಕ್ಟರರೆಂದು ಸ್ವಲ್ಪ ಹೆಚ್ಚು ಕೊಡುತ್ತಿದ್ದರು, ಆದರೂ ತಿಂಗಳ ಕೊನೆಗೆ ಸಾಲುತ್ತಿರಲಿಲ್ಲ. ಟೈರಿಗೆ ಅರ್ಜಿ ಹಾಕಿ ಕಾಯಬೇಕು. ಲಕ್ಷ್ಮೇಶ್ವರ ಆಗ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದು ಸಂಸ್ಥಾನದ್ದು, ಮುಂಡರಗಿ ಮುಂಬಯಿ ಸರಕಾರದ್ದು. ದಾರಿಯ ಸುಂಕದ ನಾಕಾದಲ್ಲಿ ಗಾಡಿ ನಿಲ್ಲಿಸಿ ಹಣ ಕಟ್ಟಿದ ಪಾವತಿ ತೋರಿಸಿ ಮುಂದೆ ಹೋಗಬೇಕು. ಸಂಸ್ಥಾನಗಳು ವಿಲೀನವಾಗುತ್ತವೆ ಎಂದು ಎಲ್ಲರೂ ಮಾತಾಡುತ್ತಿದ್ದರೂ ನಾಕಾದವನ ಬಿದಿರಿನ ಅಡ್ಡಗೋಲು ಮಾತ್ರ ಕೆಲವು ದಿನ ಹಾಗೇ ಇತ್ತು.

ಇನ್ನು ಗಾಡಿಯ ಬೇನೆಗಳು. ಚಳಿಗಾಲದ ಮುಂಜಾನೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಇವರ ಮುಂಗೈ ಬಾತಿತ್ತು. ಜಾಲಿಮುಳ್ಳಿಗೆ ಟ್ಯೂಬು ತೂತಾಗದ ವಾರವಿರಲಿಲ್ಲ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯೇ ಸುತ್ತುತ್ತಿರಲಿಲ್ಲ. ಕೋಲಿನಿಂದ ಕೆದರಿ ತೆಗೆದು ಹತ್ತು ಮಾರು ಹೋಗಬೇಕು, ಮತ್ತೆ ಇಳಿಯಬೇಕು. ಎಲ್ಲಕ್ಕಿಂತ ದೊಡ್ಡದು ಬೇಸಿಗೆಯ ಕಾವು. ತಣ್ಣನೆಯ ದೇಶಕ್ಕೆಂದು ಮಾಡಿದ ಎಂಜಿನ್ನು ಏಪ್ರಿಲ್ ಬಂತೆಂದರೆ ಅನ್ನದ ಗಡಿಗೆಯ ಹಾಗೆ ಕುದಿಯುತ್ತಿತ್ತು. ಹಿಂದಿನ ಸೀಟಿನ ಕೆಳಗೆ ಎರಡು ಡಬ್ಬಿ ನೀರಿಲ್ಲದೆ ನಾವು ಹೊರಡುತ್ತಿರಲಿಲ್ಲ.

ರಿಪೇರಿಗೆ ಬೆಟಗೇರಿಯಲ್ಲಿ ಒಬ್ಬರು ಇದ್ದರು. ಎಲ್ಲರೂ ಉಸ್ತಾದ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಯುದ್ಧದ ಕಾಲಕ್ಕೆ ಮಿಲಿಟರಿ ಲಾರಿಗಳ ಕೆಲಸ ಮಾಡಿ ಬಂದವರು. ಮಾತು ಕಡಿಮೆ. ಗಾಡಿಯ ಮುಚ್ಚಳ ಎತ್ತಿದರೆ ಮೊದಲು ಕಿವಿ ಕೊಟ್ಟು ಕೇಳುತ್ತಿದ್ದರು, ಆಮೇಲೆ ಕೈ ಹಾಕುತ್ತಿದ್ದರು. ಅವರ ಹತ್ತಿರ ರೋಗಿಯ ಹಾಗೆ ಗಾಡಿಯನ್ನು ಬಿಟ್ಟು ಬರುವಾಗ ಇವರು ಒಂದು ಸಲ ನಕ್ಕಿದ್ದರು, "ನನಗಿಂತ ಛಲೋ ಡಾಕ್ಟರ್ ಇವ."

ಗಾಡಿ ಬಂದ ಮರುವರ್ಷದ ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಉಸ್ತಾದರು ಎಣ್ಣೆ ಬದಲಿಸುವಾಗ ಪಂಖಾದ ಪಟ್ಟಾವನ್ನು ಬೆರಳಿನಿಂದ ಬಗ್ಗಿಸಿ ತೋರಿಸಿದರು. ಎಂಜಿನ್ನಿನ ಮುಂದೆ ಒಂದು ಪಂಖಾ ತಿರುಗುತ್ತದೆ, ಅದರ ಗಾಳಿಯಿಂದಲೇ ಎಂಜಿನ್ನಿನ ನೀರು ತಣ್ಣಗಾಗಬೇಕು. ಆ ಪಂಖಾ ತಿರುಗಿಸುವುದು ಈ ರಬ್ಬರಿನ ಪಟ್ಟಾ. ಅದರ ಒಳಮೈಯಲ್ಲಿ ಬಿರುಕುಗಳು ಬಿದ್ದಿದ್ದವು.

"ಇದು ಬಾಳ ದಿನ ಬರೂದಿಲ್ರಿ ಸಾಹೇಬರ. ಹುಬ್ಬಳ್ಳಿಯೊಳಗ ಸಿಗತೈತಿ, ತುಟ್ಟಿ ಐತಿ. ಬ್ಯಾಸಗಿ ಏರೂದ್ರೊಳಗ ಹಾಕಿಸಿಬಿಡ್ರಿ," ಎಂದರು.

ನಾನು ಅಲ್ಲೇ ನಿಂತಿದ್ದೆ. ಮನೆಗೆ ಬಂದ ಮೇಲೆ ಇವರು ಪಟ್ಟಾಕ್ಕೆಂದು ಹಣ ಎತ್ತಿಟ್ಟರು. ಮುಳಗುಂದದಲ್ಲಿ ನನ್ನ ತಂಗಿ ಇದ್ದಳು, ಚೊಚ್ಚಲ ಬಸುರಿ. ಮರುವಾರ ಅವಳ ಕುಬಸ, ಅಂದರೆ ಸೀಮಂತ. ತವರಿನಲ್ಲಿ ತಂದೆ ತಾಯಿ ಇರಲಿಲ್ಲ. ಅಕ್ಕನಾಗಿ ನಾನೇ ಹಸಿರು ಸೀರೆ ಒಯ್ಯಬೇಕು, ಉಡಿ ತುಂಬಬೇಕು. ನಾನು ಕೇಳಿದೆ.

"ಏನ್ರೀ, ಪಟ್ಟಾ ಮುಂದಿನ ತಿಂಗಳಾ ತಂದರ ನಡಿಯೂದಿಲ್ಲೇನು? ತಂಗಿಗೆ ಒಂದು ಛಲೋ ಸೀರಿ ಒಯ್ಯಬೇಕಂತ ಮನಸಾಗೈತಿ."

ಅವರು, "ಆತು, ಮುಂದಿನ ತಿಂಗಳು ನೋಡೂಣು," ಎಂದರು. ಹಣ ನನ್ನ ಕೈಗೆ ಕೊಟ್ಟರು. ಕುಬಸ ಚೆನ್ನಾಗಿ ಆಯಿತು. ಆ ಸೀರೆಯನ್ನು ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು. ನನಗೆ ಹೆಮ್ಮೆಯಾಗಿತ್ತು.

ಅದಾದ ಮೂರನೆಯ ವಾರ ಮುಂಡರಗಿ ಕಡೆಯ ಹಿರೇವಡ್ಡಟ್ಟಿಯಿಂದ ಒಬ್ಬ ಹಿರಿಯರು ಬಂದರು. ಹೊಲಮನೆ ಇದ್ದ ರೈತರು. ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ನಿನ್ನೆಯಿಂದ ಬ್ಯಾನಿ ತಿನ್ನುತ್ತಿದ್ದಾಳೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ ಎಂದರು. ನಿಂತೇ ಹೇಳಿದರು, ಕುಂಡ್ರಿ ಎಂದರೂ ಕೂಡಲಿಲ್ಲ. ಇವರು ರೋಗಿಗಳನ್ನು ಬಿಟ್ಟು ಎದ್ದರು. ನಾನು ಸಾಮಾನಿನ ಪೆಟ್ಟಿಗೆ ತೆಗೆದುಕೊಂಡೆ. ಹನ್ನೊಂದರ ಹೊತ್ತಿಗೆ ಹೊರಟೆವು.

ಡಂಬಳದ ತನಕ ಗಾಡಿ ಚೆನ್ನಾಗಿ ಓಡಿತು. ಅಲ್ಲಿ ನೀರು ಹಾಕಿಕೊಂಡು ಗುಡ್ಡದ ಮಗ್ಗುಲಿನ ದಾರಿ ಹಿಡಿದೆವು. ಸೂರ್ಯ ನೆತ್ತಿಯ ಮೇಲೆ. ಕಪ್ಪತಗುಡ್ಡ ಒಣಗಿ ಕೆಂಪಾಗಿತ್ತು. ಹಿರಿಯರು ಹಿಂದಿನ ಸೀಟಿನಲ್ಲಿ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ದಾರಿಯನ್ನೇ ನೋಡುತ್ತಿದ್ದರು. ಒಂದು ಏರು ಹತ್ತುವಾಗ ಎಂಜಿನ್ನಿನಿಂದ ಪಟಪಟ ಎಂದು ಹೊಡೆದ ಹಾಗೆ ಸದ್ದಾಯಿತು. ಆಮೇಲೆ ಆ ಸದ್ದು ನಿಂತಿತು. ತುಸು ಹೊತ್ತಿಗೆ ಮುಚ್ಚಳದ ಸಂದಿಯಿಂದ ಉಗಿ ಎದ್ದಿತು.

ಇವರು ಇಳಿದು ಮುಚ್ಚಳ ಎತ್ತಿದರು. ಪಟ್ಟಾ ಹರಿದು ಎರಡು ತುಂಡಾಗಿ ಕೆಳಗೆ ಜೋತುಬಿದ್ದಿತ್ತು. ನನ್ನ ಕಡೆ ಅವರು ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ನಾನು ಉಟ್ಟ ಸೀರೆಯ ಅಂಚನ್ನು ಉದ್ದಕ್ಕೆ ಹರಿದು ಕೊಟ್ಟೆ. ಅದನ್ನು ಹುರಿ ಮಾಡಿ ಪಟ್ಟಾ ಸುತ್ತುವ ಸಣ್ಣ ಗಾಲಿಗಳಿಗೆ ಬಿಗಿದರು. ಒಂದು ಫರ್ಲಾಂಗು ಹೋಗುವುದರಲ್ಲಿ ಸುಟ್ಟ ಬಟ್ಟೆಯ ವಾಸನೆ ಬಂದು ಅದೂ ಹರಿಯಿತು. ನೀರು ಹಾಕಿ ಸ್ವಲ್ಪ ದೂರ, ಮತ್ತೆ ನಿಂತು ನೀರು ಹಾಕಿ ಸ್ವಲ್ಪ ದೂರ. ಎರಡೂ ಡಬ್ಬಿ ಮುಗಿದವು. ಹತ್ತಿರ ಹಳ್ಳವಿತ್ತು, ಅದರಲ್ಲಿ ಬರೀ ಮರಳು. ಊರು ಇನ್ನೂ ನಾಲ್ಕು ಮೈಲಿ.

"ಈಗ ಓಡಿಸಿದ್ರ ಎಂಜಿನ್ ಜಾಮ್ ಆಗಿ ಹೋಗತೈತಿ. ಅರ್ಧ ತಾಸು ಆರಲಿ. ಆಮ್ಯಾಲ ಒಂದ ಉಸುರಿಗೆ ಊರು ಮುಟ್ಟತೇವಿ," ಎಂದರು ಇವರು.

ಅರ್ಧ ತಾಸು ನಾವು ಮೂವರೂ ಒಂದು ಬೇವಿನ ಗಿಡದ ನೆರಳಿನಲ್ಲಿ ಕೂತೆವು. ಹಿರಿಯರನ್ನೂ ಇವರೇ ಕುಂಡ್ರಿ ಎಂದು ಕೂಡಿಸಿದರು. ಅರ್ಧ ತಾಸಿನ ಮೇಲೆ ಗಾಡಿ ಚಾಲು ಆಯಿತು, ಅರ್ಧ ಮೈಲಿ ಹೋಯಿತು, ಮತ್ತೆ ನಿಂತಿತು. ಆಗ ಇವರು ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಡೆದರು. ಹಿರಿಯರು ಅವರಿಗಿಂತ ಮುಂದೆ, ಓಡುವ ನಡಿಗೆಯಲ್ಲಿ.

"ಅವ್ವಾರು ಗಾಡೀ ನೆಳ್ಳಾಗ ಕುಂಡ್ರಲಿ. ನಾ ಚಕ್ಕಡಿ ಕಳಸ್ತೀನಿ," ಎಂದು ಅವರು ತಿರುಗಿ ಕೂಗಿ ಹೇಳಿದರು.

ಚಕ್ಕಡಿ ಬಂದಾಗ ಹೊತ್ತು ಇಳಿದಿತ್ತು. ನಾನು ಹತ್ತಿ ಕೂತೆ. ಊರ ಹತ್ತಿರ ಬರುತ್ತಿದ್ದ ಹಾಗೆ ಹೆಂಗಸರ ಅಳು ಕೇಳಿಸಿತು.

ಕೂಸು ಬದುಕಿತ್ತು, ಗಂಡು. ಇವರು ಮನೆ ಮುಟ್ಟುವ ಮೊದಲೇ ಅದು ಹುಟ್ಟಿತ್ತಂತೆ. ಮಾಸು ಬೀಳದೆ ತಾಯಿಗೆ ರಕ್ತ ಹೋಗುತ್ತಲೇ ಇತ್ತು. ಇವರು ಮಾಡುವುದನ್ನೆಲ್ಲ ಮಾಡಿದರು. ಆ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಮುಖಕ್ಕೆ ಹಚ್ಚಿದ ಅರಿಷಿಣ ಹಾಗೇ ಇತ್ತು. ನಾನು ಅವಳ ಕೈಯನ್ನು ಒರೆಸಿ ಎದೆಯ ಮೇಲೆ ಇಟ್ಟೆ. ನಾನು ಮಾಡಿದ ಕೆಲಸ ಅಷ್ಟೇ.

ಹಿತ್ತಲಲ್ಲಿ ಕೈ ತೊಳೆದುಕೊಳ್ಳುವಾಗ ಇವರು ಮೆಲ್ಲಗೆ ಹೇಳಿದರು, "ಒಂದು ತಾಸು ಮೊದಲ ಬಂದಿದ್ರ..." ಅಲ್ಲಿಗೆ ನಿಲ್ಲಿಸಿದರು. ಒಂದು ತಾಸು ಮೊದಲು ಬಂದಿದ್ದರೆ ಅವಳು ಖಂಡಿತ ಉಳಿಯುತ್ತಿದ್ದಳೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವುದೇ ಅವರನ್ನು ಕೊನೆಯತನಕ ತಿಂದಿತು.

ಗಾಡಿಯನ್ನು ಎತ್ತು ಕಟ್ಟಿ ಎಳೆಸಿ ಬೆಟಗೇರಿಗೆ ಮುಟ್ಟಿಸಲು ಎರಡು ದಿನ ಹಿಡಿಯಿತು. ಉಸ್ತಾದರು ಹರಿದ ಪಟ್ಟಾ ನೋಡಿದರು, ಇವರ ಮುಖ ನೋಡಿದರು, ಮುಚ್ಚಳ ಎತ್ತಿ ಕೆಲಸಕ್ಕೆ ಕೈ ಹಾಕಿದರು. ಸುದ್ದಿ ಅವರಿಗೂ ಮುಟ್ಟಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ, ಉಳಿದ ದಾರಿ ನಡೆದು, ಆ ಮನೆಗೆ ಹೋದೆವು. ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ನೀರು ಕೊಡಿಸಿದರು. ಇವರು ನೀರು ಮುಟ್ಟದೆ ಹೇಳಿದರು.

"ನಿಮಗ ಒಂದು ಮಾತು ಹೇಳಬೇಕಂತ ಬಂದೇನ್ರಿ. ಪಟ್ಟಾ ಹರಿತೈತಿ ಅಂತ ಮಿಸ್ತ್ರಿ ನನಗ ತಿಂಗಳ ಮೊದಲ ಹೇಳಿದ್ದ. ನಾನು ಹಾಕಿಸಲಿಲ್ಲ. ಅವತ್ತು ಗಿಡದ ಬುಡಕ ಅರ್ಧ ತಾಸು ಕುಂತದ್ದೂ ತಪ್ಪು. ಎಂಜಿನ್ ಹೋದರ ಹೋಗಲಿ ಅಂತ ಓಡಿಸಬೇಕಿತ್ತು, ಇಲ್ಲಾ ಆಗಲೇ ನಡಕೊಂತ ಹೊಂಡಬೇಕಿತ್ತು. ನಾನು ಗಾಡಿ ಉಳಿಸಾಕ ನೋಡಿದೆ."

ಒಳಗೆ ಕೂಸು ಅಳುತ್ತಿತ್ತು. ಯಾರೋ ಎತ್ತಿಕೊಂಡು ಸುಮ್ಮನಾಗಿಸಿದರು.

"ನೀವು ಹೇಳದಿದ್ರ ನನಗ ಪಟ್ಟಾದ ಸುದ್ದಿ ಗೊತ್ತಾಗತಿದ್ದಿಲ್ರಿ," ಎಂದರು ಹಿರಿಯರು. "ನಾನೂ ಅಲ್ಲೇ ಕುಂತಿದ್ದೆ. ಈ ಕಾಲು ನಡಿಯೂ ಕಾಲು. ನೀವು ಕುಂಡ್ರಂದ್ರಿ, ಕುಂತೆ. ಗಾಡಿ ಐತೆಲ್ಲಾ ಅಂತ ಧೈರ್ಯ ಮಾಡಿ ಕುಂತೆ. ನಿಮ್ಮದು ನಿಮಗ ಇರಲಿ, ನನ್ನದು ನನಗ ಇರಲಿ."

ಆಮೇಲೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಕಿ ತಾಯಿ ಮುಂದ ಮಾತ್ರ ಈ ಮಾತು ಆಡಬ್ಯಾಡ್ರಿ. ದೇವರು ಒಯ್ದ ಅಂತ ತಿಳಕೊಂಡಾಳ. ಹಂಗ ಇರಲಿ."

ನೀರು ಕುಡಿದು ಎದ್ದೆವು. ತಲಬಾಗಿಲ ತನಕ ಅವರು ಬಂದರು. ನನ್ನ ಪಾಲಿನದು ನನ್ನ ಬಾಯಿಯ ತನಕ ಬಂದಿತ್ತು. ಹೇಳಲಿಲ್ಲ. ಇವರು ತಮ್ಮೊಬ್ಬರದೇ ತಪ್ಪು ಎಂದು ಹೇಳುವಾಗ ನಾನು ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದೆ.

ಎರಡು ತಿಂಗಳಿಗೆ ನನ್ನ ತಂಗಿ ಮುಳಗುಂದದಲ್ಲಿ ಹೆಣ್ಣು ಹೆತ್ತಳು. ಸುಸೂತ್ರ ಹೆರಿಗೆ. ಹೆಸರಿಡುವ ದಿನ ಅವಳು ಅದೇ ಹಸಿರು ಸೀರೆ ಉಟ್ಟು ತೊಟ್ಟಿಲ ಹತ್ತಿರ ಕೂತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ. ಗದಗಿಗೆ ಮರಳಿದ ಮೇಲೆ ಇವರ ಮುಂದೆ ಹೇಳಿದೆ, ನಾನು ಸೀರೆ ಕೇಳಿರದಿದ್ದರೆ ಪಟ್ಟಾ ಬಂದಿರುತ್ತಿತ್ತು ಎಂದು.

"ನೀ ಕೇಳಿದಿ, ನಾ ಕೊಟ್ಟೆ," ಎಂದರು. "ಉಸ್ತಾದ ಹೇಳಿದ್ದು ನನಗ, ನಿನಗಲ್ಲ." ಆಮೇಲೆ ಎದ್ದು ದವಾಖಾನೆಗೆ ಹೋದರು. ಅದು ಸಮಾಧಾನದ ಮಾತೋ ಸಿಟ್ಟಿನ ಮಾತೋ ನನಗೆ ತಿಳಿಯಲಿಲ್ಲ. ಆ ವಿಷಯ ನಾವು ಮತ್ತೆ ಎತ್ತಲಿಲ್ಲ.

ಆದರೆ ನಮ್ಮ ಬದುಕು ಗಾಡಿಯ ಸುತ್ತ ಬದಲಾಯಿತು. ಇವರು ಒಂದೊಂದು ಭಾಗವನ್ನೂ ಕೆಡುವ ಮೊದಲೇ ಬದಲಿಸತೊಡಗಿದರು. ಇನ್ನೂ ಒಂದು ವರ್ಷ ಬಾಳುವಂಥ ಟ್ಯೂಬನ್ನು ತೆಗೆದು ಹೊಸದು ಹಾಕಿಸುವರು. ಬ್ರೇಕಿನ ಪಟ್ಟಿ ಸವೆಯಿತೇ ಎಂದು ತಿಂಗಳಿಗೊಮ್ಮೆ ಗಾಲಿ ಬಿಚ್ಚಿಸುವರು. ಉಸ್ತಾದರೇ ಒಂದು ಸಲ, "ಇದು ಇನ್ನಾ ಬರತೈತ್ರಿ ಸಾಹೇಬರ, ಸುಮ್ನ ಯಾಕ ರೊಕ್ಕ ಹಾಳು ಮಾಡತೀರಿ," ಎಂದರು. ಇವರು ಕೇಳಲಿಲ್ಲ. ಮನೆ ಕಟ್ಟಿಸುವ ಮಾತು ಹಾಗೇ ಬಿಟ್ಟುಹೋಯಿತು. ಬಾಡಿಗೆ ಮನೆಯಲ್ಲೇ ನಮ್ಮ ತಲೆ ನೆರೆಯಿತು. ನನಗೆ ಅದರ ಬಗ್ಗೆ ದೂರಿಲ್ಲ.

ನಾನು ಬೇರೆ ದಾರಿ ಹಿಡಿದೆ. ಬೆಟಗೇರಿಗೆ ಗಾಡಿ ಹೋದಾಗಲೆಲ್ಲ ನಾನೂ ಹೋಗಿ ಉಸ್ತಾದರ ಅಂಗಳದಲ್ಲಿ ನಿಲ್ಲುತ್ತಿದ್ದೆ. ಮೊದಮೊದಲು ಅವರು ಸಂಕೋಚ ಪಟ್ಟರು, ತಮ್ಮ ಹೆಂಡತಿಯನ್ನು ಕರೆದು ನನ್ನ ಜೊತೆ ಕೂಡಿಸಿದರು. ಅಕ್ಕಪಕ್ಕದ ನೇಕಾರರ ಮಗ್ಗದ ಸದ್ದಿನ ನಡುವೆ ಉಸ್ತಾದರು ಹೇಳಿಕೊಡುತ್ತಿದ್ದರು: ಹೊಗೆ ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಕಟಕಟ ಎಂದರೆ ಒಂದು ಬೇನೆ, ಗುಂಯ್ ಎಂದರೆ ಇನ್ನೊಂದು.

"ಬಾಯಿಯವರ, ಗಾಡಿ ಸುಳ್ಳು ಹೇಳೂದಿಲ್ರಿ. ಕೇಳವರಿರಬೇಕು," ಎಂದಿದ್ದರು ಅವರು.

ಎರಡು ವರ್ಷದಲ್ಲಿ ನಾನು ಟ್ಯೂಬಿಗೆ ತೇಪೆ ಹಾಕುವುದು, ಪ್ಲಗ್ಗು ಬಿಚ್ಚಿ ತಿಕ್ಕುವುದು, ಪಟ್ಟಾ ಬಿಗಿಯುವುದು ಕಲಿತೆ. ಆಮೇಲೆ ಓಡಿಸುವುದನ್ನೂ ಕಲಿತೆ. ಸೀರೆಯುಟ್ಟ ಹೆಂಗಸು ಮೋಟಾರು ಓಡಿಸುತ್ತಾಳೆ ಎಂದು ಲಕ್ಷ್ಮೇಶ್ವರದ ಬಜಾರಿನಲ್ಲಿ ಜನ ಕಟ್ಟೆಯಿಂದ ಎದ್ದು ನಿಂತು ನೋಡುತ್ತಿದ್ದರು. ಕೆಲವರು ನಮ್ಮವರ ಮುಂದೆಯೇ ಆಡಿಕೊಂಡರು. ಇವರು ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಬಹಳ ದಿನಗಳ ಮೇಲೆ ಅವರು ಹಾಗೆ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಆ ಸೀಟಿನಲ್ಲಿ. ಹೆರಿಗೆಯ ಕರೆ ಬಂದರೆ ನಾವು ಹೊತ್ತು ಕಳೆಯುತ್ತಿರಲಿಲ್ಲ. ಹಲವು ಮನೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಕೆಲವಕ್ಕೆ ಮುಟ್ಟಿಯೂ ಉಳಿಸಲಾಗಲಿಲ್ಲ. ಗಾಡಿ ಚೆನ್ನಾಗಿದ್ದರೂ ಸಾವು ಬರುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ನಮಗೆ ವರ್ಷಗಳು ಬೇಕಾದವು.

ಸಂಸ್ಥಾನಗಳು ಹೋದವು. ನಾಕಾದ ಅಡ್ಡಗೋಲು ಹೋಯಿತು. ಕರ್ನಾಟಕ ಒಂದಾಗುವ ವರ್ಷ ಊರಿನಲ್ಲಿ ಮೆರವಣಿಗೆ ಹೊರಟಾಗ ಒಬ್ಬ ಮುದುಕ ಹೋರಾಟಗಾರರನ್ನು ಕೂಡಿಸಲು ನಮ್ಮ ಗಾಡಿ ಕೇಳಿದರು. ಜನಜಂಗುಳಿಯಲ್ಲಿ ಇರುವೆಯ ಹಾಗೆ ತೆವಳಿ ತೆವಳಿ ಗಾಡಿ ಬಿಸಿಯೇರಿತು. ಎಂಜಿನ್ನು ಬಂದ್ ಮಾಡಿದೆ. ಹುರುಪಿನಲ್ಲಿದ್ದ ಜನ ಅದನ್ನು ನೂಕಿಕೊಂಡೇ ಊರು ಸುತ್ತಿಸಿದರು. ಒಳಗೆ ಕೂತ ಮುದುಕರಿಗೆ ಅದು ಗೊತ್ತೇ ಆಗಲಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಹಿರೇವಡ್ಡಟ್ಟಿಯ ಹಿರಿಯರು ದವಾಖಾನೆಗೆ ಬಂದರು. ಅಷ್ಟು ವರ್ಷ ಅವರು ಬಂದಿರಲಿಲ್ಲ, ಆ ಮನೆಯಿಂದ ಯಾರೂ ಕರೆ ಕಳಿಸಿರಲಿಲ್ಲ. ಮೊಮ್ಮಗನಿಗೆ ಎಂಟು ದಿನದಿಂದ ಜ್ವರ. ಹುಡುಗ ಅಜ್ಜನ ಹೆಗಲಿಗೆ ಒರಗಿದ್ದ. ಇವರು ಅವನ ನಾಡಿ ಹಿಡಿದರು, ನಾಲಿಗೆ ನೋಡಿದರು. ಟೈಫಾಯ್ಡ್ ಎಂದು ಎರಡು ವಾರ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಅಜ್ಜ ಪಡಸಾಲೆಯಲ್ಲಿ ಮಲಗುತ್ತಿದ್ದರು, ಬೆಳಗ್ಗೆ ಎದ್ದು ಅಂಗಳ ಕಸ ಹೊಡೆಯುತ್ತಿದ್ದರು. ಬೇಡವೆಂದರೂ ಬಿಡಲಿಲ್ಲ. ಹುಡುಗನಿಗೆ ನೆಟ್ಟಗಾದ ಮೇಲೆ ಬಸ್ಸಿಗೆ ಹೊರಟಾಗ ನಾನು, "ಗಾಡಿಯೊಳಗ ಬಿಟ್ಟು ಬರತೀನ್ರಿ, ಇನ್ನಾ ನಿತ್ರಾಣ ಐತಿ ಹುಡುಗಗ," ಎಂದೆ.

ಅವರು ಗಾಡಿಯನ್ನು ನೋಡಿದರು. "ನೀವ ಹೊಡೀತೀರೇನ್ರಿ ಅವ್ವಾರ?"

"ಹೌದ್ರಿ."

"ನಡೀರಿ ಹಂಗಾರ," ಎಂದು ಹುಡುಗನನ್ನು ಹಿಂದೆ ಮಲಗಿಸಿ, ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಬೆಳೆಯ ಮಾತಾಡಿದರು. ಆ ಬೇವಿನ ಗಿಡ ಬಂದಾಗ ಮಾತು ನಿಂತಿತು. ಅದು ದಾಟಿದ ಮೇಲೆ ಮತ್ತೆ ಶುರುವಾಯಿತು. ಮನೆಯಲ್ಲಿ ಹುಡುಗನ ಅಜ್ಜಿ ನನಗೆ ಉಡಿ ತುಂಬಿದಳು. ಅವಳಿಗೆ ಪಟ್ಟಾದ ಸಂಗತಿ ಆಗಲೂ ಗೊತ್ತಿರಲಿಲ್ಲ. ನಾನು ಸೆರಗೊಡ್ಡಿ ತೆಗೆದುಕೊಂಡೆ.

ಮುಂದೆ ಬಸ್ಸುಗಳು ಹೆಚ್ಚಾದವು, ಮುಂಡರಗಿಯಲ್ಲೂ ಹೆರಿಗೆಗೆ ಸೌಕರ್ಯವಾಯಿತು. ಗಾಡಿಗೆ ಭಾಗಗಳು ಸಿಗುವುದೇ ನಿಂತಿತು. ಉಸ್ತಾದರ ಕಣ್ಣು ಮಂದವಾಗಿತ್ತು. ಶಿರಹಟ್ಟಿಯ ಒಬ್ಬ ಮಾಸ್ತರರು ಕೊಳ್ಳಲು ಬಂದರು. ನಾನು ಮುಚ್ಚಳ ಎತ್ತಿ ಅದರ ಬೇನೆಗಳನ್ನೆಲ್ಲ ಹೇಳಿದೆ: ಎರಡನೇ ಗೇರು ಜಾರುತ್ತದೆ, ಎಡಗಡೆಯ ಸ್ಪ್ರಿಂಗಿನ ಪಟ್ಟಿ ಒಂದು ಬಿರಿದಿದೆ, ಎಣ್ಣೆ ಸೋರುತ್ತದೆ. ಮಾಸ್ತರರು ಗಾಬರಿಯಾಗಿ ಇವರ ಮುಖ ನೋಡಿದರು.

"ಅಕಿ ಹೇಳೂದು ಖರೆ ಐತ್ರಿ," ಎಂದರು ಇವರು. "ನನಗಿಂತ ಅಕಿಗೇ ಹೆಚ್ಚು ಗೊತ್ತು."

ಮಾಸ್ತರರು ಬೆಲೆ ಇಳಿಸಿ ಕೇಳಿದರು. ಕೊಟ್ಟೆವು. ಮರುದಿನ ಮುಂಡರಗಿಗೆ ಹೋಗುವ ದಿನವಾಗಿತ್ತು. ಇವರು ಪೆಟ್ಟಿಗೆ ಹಿಡಿದು ಬಸ್ಸಿಗೆ ನಡೆದರು. ನಾನೂ ಜೊತೆಗೆ ಹೋದೆ.